ಬಿಸಿಲ ಸೀಮೆಯಲ್ಲಿ ನಾಯಿಯ ಜಲವರ್ಣ ಚಿತ್ರ: ಫೋಟೋದಿಂದ ಫ್ರೇಮಿನ ತನಕ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಜಲವರ್ಣ ಕಲಿಯುವವರನ್ನು ಮೊದಲು ಸತಾಯಿಸುವುದು ಇಲ್ಲಿಯ ಹವೆ. ಯೂಟ್ಯೂಬಿನಲ್ಲಿ ತಂಪು ದೇಶದ ಕಲಾವಿದರು ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟು, ಅದು ಆರಾಮಾಗಿ ಹರಡುವುದನ್ನು ತೋರಿಸುತ್ತಾರೆ. ಅದನ್ನೇ ಏಪ್ರಿಲ್ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು ಮಾಡಿ ನೋಡಿ. ಎರಡನೇ ಸಲ ಬ್ರಷ್ ಅದ್ದುವಷ್ಟರಲ್ಲಿ ಕಾಗದ ಒಣಗಿ, ನಾಯಿಯ ಹಣೆಗೆ ಅಡ್ಡ ಗೆರೆ ಬಿದ್ದಿರುತ್ತದೆ. ನಾಯಿಯ ಚಿತ್ರದಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಕೂದಲಿನ ಮೆದುತನ ಬರುವುದೇ ಒದ್ದೆಯಲ್ಲಿ ಒದ್ದೆ ಬೆರೆತಾಗ. ಹಾಗಾಗಿ ಈ ಬರಹದಲ್ಲಿ ನೀರಿನ ಮಾತು ಹೆಚ್ಚು, ಕೂದಲಿನ ಮಾತು ಕಡಿಮೆ.

ಮೊದಲು ಒಳ್ಳೆಯ ಫೋಟೋ

ನಾಯಿ ಎದುರಿಗೆ ಕೂತು ಚಿತ್ರ ಬರೆಸಿಕೊಳ್ಳುವುದಿಲ್ಲ. ಫೋಟೋ ಬೇಕೇ ಬೇಕು, ಮತ್ತು ಕೆಟ್ಟ ಫೋಟೋದಿಂದ ಒಳ್ಳೆಯ ಚಿತ್ರ ಬರುವುದಿಲ್ಲ.

ಬೆಳಗ್ಗೆ ಎಂಟರೊಳಗೆ, ಇಲ್ಲವೆ ಸಂಜೆ ಐದೂವರೆಯ ನಂತರ ತೆಗೆಯಿರಿ. ನಡು ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಹಣೆ ಬೆಳ್ಳಗೆ ಸುಟ್ಟಂತಾಗಿ, ಕಣ್ಣು ಹುಬ್ಬಿನ ನೆರಳಲ್ಲಿ ಮುಳುಗಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ಮನೆಯ ತಲಬಾಗಿಲು. ನಾಯಿಯನ್ನು ಹೊಸ್ತಿಲಿನಿಂದ ಎರಡು ಅಡಿ ಒಳಗೆ ಕೂರಿಸಿ, ಮುಖ ಹೊರಗಿನ ಬೆಳಕಿಗೆ ಓರೆಯಾಗಿರಲಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು ಸಿಗುತ್ತದೆ; ಕಣ್ಣಲ್ಲಿ ಬಾಗಿಲಿನ ಬೆಳಕಿನ ಚುಕ್ಕಿ ಬೀಳುತ್ತದೆ. ಫ್ಲ್ಯಾಷ್ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಪದರವಿದೆ. ಫ್ಲ್ಯಾಷ್ ಬಿದ್ದರೆ ಕಣ್ಣು ಹಸಿರಾಗಿ ಹೊಳೆಯುತ್ತದೆ, ಬಣ್ಣ ಗೊತ್ತಾಗುವುದಿಲ್ಲ.

ನೆಲದ ಮೇಲೆ ಕೂತು, ಮೊಬೈಲನ್ನು ನಾಯಿಯ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ತೀರಾ ಹತ್ತಿರ ಹೋದರೆ ಮೂಗು ಬುರುಬುರು ಊದಿಕೊಂಡು, ಕಿವಿ ಸಣ್ಣದಾಗಿ ಕಾಣುತ್ತವೆ. ಐದಾರು ಅಡಿ ದೂರ ಕೂತು ಎರಡು ಪಟ್ಟು ಝೂಮ್ ಮಾಡಿದರೆ ಮುಖದ ಅಳತೆ ಸರಿ ಬರುತ್ತದೆ. ಪೋರ್ಟ್ರೇಟ್ ಮೋಡ್ ಹಾಕಬೇಡಿ. ಅದು ಮೀಸೆ, ಕಿವಿಯಂಚಿನ ಕೂದಲನ್ನೆಲ್ಲ ಮಸುಕು ಮಾಡುತ್ತದೆ. ಕರಿ ನಾಯಿಯಾದರೆ ಪರದೆಯ ಮೇಲೆ ಮುಖವನ್ನು ಮುಟ್ಟಿ ಬೆಳಕನ್ನು ಸ್ವಲ್ಪ ಏರಿಸಿ, ಬಿಳಿ ನಾಯಿಯಾದರೆ ಸ್ವಲ್ಪ ಇಳಿಸಿ.

ತಿರುಗಾಡಿಸಿಕೊಂಡು ಬಂದ ಕೂಡಲೇ ತೆಗೆದರೆ ನಾಲಿಗೆ ಉದ್ದಕ್ಕೆ ಜೋತು, ಕಣ್ಣು ಕಿರಿದಾಗಿರುತ್ತವೆ. ನೀರು ಕುಡಿಸಿ, ನೆರಳಲ್ಲಿ ಕಾಲು ಗಂಟೆ ಮಲಗಲು ಬಿಡಿ. ಆಮೇಲೆ ಜೋಳದ ರೊಟ್ಟಿಯ ಒಂದು ಚೂರನ್ನು ಮೊಬೈಲಿನ ಪಕ್ಕದಲ್ಲೇ ಹಿಡಿದರೆ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ಬರುತ್ತದೆ. ಆ ಗಳಿಗೆಯಲ್ಲೇ ಹತ್ತಿಪ್ಪತ್ತು ಫೋಟೋ ಹೊಡೆದುಬಿಡಿ. ಕಣ್ಣು, ಮೂಗು, ಕಿವಿಯ ಬುಡ ಇವುಗಳ ಹತ್ತಿರದ ಫೋಟೋ ಬೇರೆ ಇರಲಿ. ಒಗ್ಗರಣೆಯ ಈರುಳ್ಳಿ ಹತ್ತಿದ ರೊಟ್ಟಿ, ದ್ರಾಕ್ಷಿ, ಚಾಕ್ಲೇಟ್ ಆಸೆ ತೋರಿಸಬೇಡಿ. ಈ ಮೂರೂ ನಾಯಿಗೆ ವಿಷ.

ಬೇಸಿಗೆಯಲ್ಲಿ ಹೊರಗೆ ತೆಗೆಯುವುದಾದರೆ ಮೊದಲು ನಿಮ್ಮ ಅಂಗೈಯ ಹಿಂಭಾಗವನ್ನು ಕಾಂಕ್ರೀಟಿನ ಮೇಲೆ ಐದು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಪಗ್‌ನಂಥ ಗಿಡ್ಡ ಮೂತಿಯ ನಾಯಿಗಳಿಗೆ ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆ. ಜೊಲ್ಲು ಗಟ್ಟಿಯಾಗಿ, ಒಸಡು ಕೆಂಪೇರಿ, ನಡಿಗೆ ತಡವರಿಸಿತೆಂದರೆ ಫೋಟೋ ಬಿಟ್ಟು ನೆರಳಿಗೆ ಒಯ್ಯಿರಿ. ಹೊಟ್ಟೆ, ಪಾದಕ್ಕೆ ತಣ್ಣೀರು ಸುರಿದು, ಪಶು ವೈದ್ಯರ ಹತ್ತಿರ ಓಡಿ. ಬೀದಿ ನಾಯಿಯಾದರೆ ಮೇಲೆ ಬಾಗಿ ನಿಲ್ಲಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮರಿ ಹಾಕಿದ ತಾಯಿಯ ಹತ್ತಿರ ಹೋಗಲೇಬೇಡಿ.

ಸಾಮಾನು

ಕಾಗದದಲ್ಲಿ ಕಂಜೂಸಿ ಮಾಡಬೇಡಿ, ಉಳಿದದ್ದರಲ್ಲಿ ಮಾಡಬಹುದು. ಸ್ಟೇಷನರಿ ಅಂಗಡಿಯ ಮಾಮೂಲಿ ಡ್ರಾಯಿಂಗ್ ಶೀಟ್ ನೀರು ಬಿದ್ದರೆ ಉಬ್ಬಿ ಅಲೆಯಾಗುತ್ತದೆ, ಎರಡನೇ ಸಲ ಉಜ್ಜಿದರೆ ನಾರು ಎದ್ದುಬಿಡುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ), ಕೋಲ್ಡ್ ಪ್ರೆಸ್ (ಮೈ ತುಸು ತರಿತರಿಯಾದ), ನೂರಕ್ಕೆ ನೂರು ಹತ್ತಿಯ ಕಾಗದ ಬೇಕು. ಮರದ ತಿರುಳಿನ ಕಾಗದ ಅಭ್ಯಾಸಕ್ಕೆ ಸಾಕು, ಆದರೆ ಅದು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುವುದಿಲ್ಲ. ನಮ್ಮ ಒಣ ಹವೆಗೆ ಹತ್ತಿಯದೇ ಸರಿ. ಎ4 ಅಳತೆಯಲ್ಲಿ ತಲೆ, ಕುತ್ತಿಗೆ ಸೇರಿ 18ರಿಂದ 20 ಸೆಂಟಿಮೀಟರ್ ಎತ್ತರ ಬರಲಿ. ಅದಕ್ಕಿಂತ ಚಿಕ್ಕದಾದರೆ ಕಣ್ಣು ಬಿಡಿಸಲು ಜಾಗ ಸಾಲದು.

ಬಣ್ಣ ಟ್ಯೂಬಿನದೇ ಇರಲಿ, ಐದು ಸಾಕು: ಯೆಲ್ಲೋ ಓಕರ್ (ಮಣ್ಣು ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಬರ್ನ್ಟ್ ಅಂಬರ್ (ಗಾಢ ಕಂದು), ಅಲ್ಟ್ರಾಮರೀನ್ ಬ್ಲೂ, ಪರ್ಮನೆಂಟ್ ರೋಸ್. ಜೊತೆಗೆ ಮೀಸೆಗೆಂದು ಬಿಳಿ ಗ್ವಾಶ್ (ಕೆಳಗಿನ ಬಣ್ಣವನ್ನು ಮುಚ್ಚುವ ದಟ್ಟ ಜಲವರ್ಣ) ಒಂದು. ಪೋಸ್ಟರ್ ಕಲರ್ ಬೇಡ, ಅದು ಕಾಗದವನ್ನು ಮುಚ್ಚಿಬಿಡುತ್ತದೆ. ಕಪ್ಪು ಟ್ಯೂಬನ್ನೂ ಖರೀದಿಸಬೇಡಿ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಜೀವವಿರುವ ಕಪ್ಪು ಬರುತ್ತದೆ. ನೀಲಿ ಮುಂದಾದರೆ ತಂಪು ಬೂದು, ಸಿಯೆನ್ನಾ ಮುಂದಾದರೆ ಬೆಚ್ಚನೆಯ ಕಂದು. ಓಕರ್, ಸಿಯೆನ್ನಾಗಳಿಗೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್. ಸಂಡೂರಿನ ಅದಿರಿನ ಧೂಳಿಗೂ ಅದೇ ಕೆಂಪು. ಆ ಭಾಗದ ಬಿಳಿ ನಾಯಿಯ ಪಾದ, ಹೊಟ್ಟೆ ಕೆಂಪಾಗಿ ಕಂಡರೆ ಅದು ಕೂದಲ ಬಣ್ಣವೋ ಧೂಳೋ ಎಂದು ಮಾಲೀಕರನ್ನು ಕೇಳಿಯೇ ಮುಂದುವರಿಯಿರಿ.

ಬ್ರಷ್: ರೌಂಡ್ 10, 6, 2, ಒಂದು ಇಂಚಿನ ಫ್ಲ್ಯಾಟ್, ತುದಿ ಕೆದರಿದ ಹಳೆಯದೊಂದು. ಹಳೆಯದನ್ನು ಎಸೆಯಬೇಡಿ, ಕೂದಲಿಗೆ ಅದೇ ಬರುತ್ತದೆ. ಪ್ಯಾಲೆಟ್ಟಿಗೆ ಬಿಳಿ ಪಿಂಗಾಣಿ ತಟ್ಟೆ. ಕೈಯೊರೆಸಲು ಹಳೇ ಹತ್ತಿ ಅರಿವೆ.

ನೀರಿನ ಮಾತು. ನಮ್ಮ ಕಡೆಯ ಬೋರಿನ ನೀರಿನಲ್ಲಿ ಲವಣ ಹೆಚ್ಚು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು ಚಿತ್ರಕ್ಕೂ ಬೇಡ: ಬಣ್ಣದ ಕಣ ಒಂದಕ್ಕೊಂದು ಅಂಟಿ ಮರಳು ಮರಳಾಗಿ ಕೂರುತ್ತದೆ, ಗಾಢ ಜಾಗ ಒಣಗಿದ ಮೇಲೆ ಮಂಕಾಗಿ ಕಾಣುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಸಾಕು. ಎರಡು ಪಾತ್ರೆ ಇಟ್ಟುಕೊಳ್ಳಿ, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಅಗಲ ತಳದ, ಭಾರವಾದ ಪಾತ್ರೆಯಾಗಲಿ. ಮನೆಯಲ್ಲಿ ನಾಯಿಯಿದ್ದರೆ ಬಾಲದ ಒಂದು ಏಟಿಗೆ ಪ್ಲಾಸ್ಟಿಕ್ ಲೋಟ ಉರುಳುತ್ತದೆ.

ಪೆನ್ಸಿಲ್ಲಿನ ಕೆಲಸ

ಫೋಟೋವನ್ನು ಚಿತ್ರದ ಅಳತೆಗೇ ಪ್ರಿಂಟ್ ತೆಗೆಸಿ, ಹಿಂಭಾಗಕ್ಕೆ 4ಬಿ ಪೆನ್ಸಿಲ್ ಹಚ್ಚಿ, ಕಾಗದದ ಮೇಲಿಟ್ಟು ಮುಖ್ಯ ಗೆರೆಗಳನ್ನಷ್ಟೇ ಇಳಿಸಿ. ಇದೇನೂ ಕಳ್ಳತನವಲ್ಲ. ಕೈಯಿಂದಲೇ ಬಿಡಿಸುವವರು ಒಂದು ತ್ರಿಕೋನವನ್ನು ನೆಚ್ಚಿಕೊಳ್ಳಬಹುದು: ಎರಡು ಕಣ್ಣಿನ ಒಳಮೂಲೆ, ಮೂಗಿನ ತುದಿ. ಈ ಮೂರು ಬಿಂದು ಸರಿ ಕೂತರೆ ಮನೆಯವರು ಗುರುತು ಹಿಡಿಯುತ್ತಾರೆ, ಕಿವಿ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ.

ಹೆಚ್ಚಿನವರು ಎಡವುವುದು ಎರಡು ಕಡೆ. ನಾಯಿಯ ಕಣ್ಣನ್ನು ಮನುಷ್ಯರ ಕಣ್ಣಿನಂತೆ ಬಿಳಿಗುಡ್ಡೆ ಸಮೇತ ಬರೆಯುತ್ತಾರೆ; ನೇರ ನೋಡುವ ನಾಯಿಯಲ್ಲಿ ಬಿಳಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇನ್ನೊಂದು, ಮೂತಿಯನ್ನು ಚಪ್ಪಟೆ ಮಾಡುತ್ತಾರೆ. ಮೂತಿಗೆ ಮೇಲ್ಮೈ ಒಂದು, ಪಕ್ಕ ಎರಡು. ಈ ಮೂರಕ್ಕೂ ಬೆಳಕು ಬೇರೆ ಬೇರೆ. ಮುಧೋಳದಂಥ ಉದ್ದ ಮೂತಿಯ ತಳಿಯಲ್ಲಿ ಇದು ತಪ್ಪಿದರೆ ನಾಯಿ ಕುದುರೆಯಾಗುತ್ತದೆ. ನಮ್ಮ ಊರ ಬೀದಿಯ ಕೆಂದ ನಾಯಿಗಳಿಗೆ ಮೈಗೂದಲು ಗಿಡ್ಡ, ಗಮನ ಕೊಟ್ಟಾಗ ಹಣೆಯಲ್ಲಿ ಸಣ್ಣ ಸುಕ್ಕು. ಆ ಸುಕ್ಕು ಬಿಟ್ಟರೆ ಮುಖದ ಕಳೆಯೇ ಹೋಗುತ್ತದೆ.

ಗೆರೆ ತೆಳ್ಳಗಿರಲಿ, ಬಣ್ಣ ಬಿದ್ದ ಮೇಲೆ ಪೆನ್ಸಿಲ್ ಅಳಿಸಿಹೋಗುವುದಿಲ್ಲ. ಕಣ್ಣಿನ ಹೊಳಪು, ಮೂಗಿನ ಮೇಲಿನ ಹೊಳಪು ಎರಡಕ್ಕೂ ಗುರುತು ಹಾಕಿ. ಕಿನ್ನಾಳದ ಮರದ ಬೊಂಬೆಗಳ ದಟ್ಟ ಬಣ್ಣದಲ್ಲಿ ಬಿಳಿಯನ್ನು ಕೊನೆಗೆ ಮೇಲಿಡಬಹುದು. ಜಲವರ್ಣದಲ್ಲಿ ಕಾಗದದ ಬಿಳಿಯೇ ಬಿಳಿ, ಕಳೆದರೆ ಕಳೆಯಿತು. ಬಣ್ಣಕ್ಕೆ ಕೈ ಹಾಕುವ ಮೊದಲು ಮೊಬೈಲಿನಲ್ಲಿ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಎಲ್ಲಿ ಬೆಳಕು, ಎಲ್ಲಿ ನಡು, ಎಲ್ಲಿ ಗಾಢ ಎಂದು ಮೂರೇ ಭಾಗ ಮಾಡಿ ಒಂದು ಚಿಕ್ಕ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೊದಲ ವಾಶ್: ಒಣಗುವುದನ್ನು ತಡೆಯುವ ಬಗೆ

ವಾಶ್ ಎಂದರೆ ನೀರಲ್ಲಿ ಕಲಸಿ ಹರಡುವ ತೆಳು ಬಣ್ಣದ ಪದರ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಈ ಹಂತ ಮುಗಿಸಿ. ಫ್ಯಾನ್ ಬಂದ್, ಕೂಲರ್ ಇದ್ದರೆ ಚಾಲೂ, ಆದರೆ ಅದರ ಗಾಳಿ ನೇರ ಕಾಗದಕ್ಕೆ ಬಡಿಯಬಾರದು.

ಕುಷ್ಟಗಿ, ಇಳಕಲ್ ಕಡೆ ಗ್ರಾನೈಟ್ ಕೊಯ್ಯುವಲ್ಲಿ ಮಿಕ್ಕ ತುಂಡು ಸುಲಭವಾಗಿ ಸಿಗುತ್ತವೆ. ಎ3 ಅಳತೆಯ, ಒಂದು ಮುಖ ಪಾಲಿಶ್ ಆದ ತುಂಡು ಒಂದನ್ನು ತಂದಿಟ್ಟುಕೊಳ್ಳಿ. ಸಿಗದಿದ್ದರೆ ದಪ್ಪ ಗಾಜು ಅಥವಾ ನೆಲಕ್ಕೆ ಹಾಕುವ ನುಣುಪು ಟೈಲ್ಸ್ ಆದೀತು. ಈಗ ಕೆಲಸದ ಕ್ರಮ:

1. ಕಾಗದದ ಹಿಂಭಾಗಕ್ಕೆ ಫ್ಲ್ಯಾಟ್ ಬ್ರಷ್‌ನಿಂದ ನೀರು ಹಚ್ಚಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಹಚ್ಚಿ.
2. ಕಲ್ಲನ್ನೂ ಒದ್ದೆ ಮಾಡಿ, ಕಾಗದವನ್ನು ಮಗುಚಿ ಅದರ ಮೇಲೆ ಹಾಸಿ. ನಡುವಿನಿಂದ ಅಂಚಿನ ಕಡೆ ಸವರಿ ಗಾಳಿಗುಳ್ಳೆ ಹೊರಹಾಕಿ.
3. ಮುಂಭಾಗಕ್ಕೆ ನೀರು. ಕಣ್ಣಿನ ಜಾಗ, ಮೂಗಿನ ಹೊಳಪು ಒಣಗಿರಲಿ.
4. ಅಂಚಿನ ಸುತ್ತ ನಿಂತ ನೀರನ್ನು ಅರಿವೆಯಿಂದ ಒತ್ತಿ ತೆಗೆಯಿರಿ.

ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಅಂಚಿನ ನೀರು ಅರ್ಧ ಒಣಗಿದ ಚಿತ್ರದೊಳಕ್ಕೆ ಹಿಂದಿರುಗಿ ನುಗ್ಗಿ, ಬಣ್ಣವನ್ನು ದೂಡಿಕೊಂಡು ಹೋಗಿ, ಹೂಕೋಸಿನಾಕಾರದ ಕಲೆ ಮಾಡುತ್ತದೆ. ಹೀಗೆ ಕಲ್ಲಿಗೆ ಅಂಟಿದ ಹತ್ತಿಯ ಕಾಗದ ಕಾಲು ಗಂಟೆಯಷ್ಟಾದರೂ ಒದ್ದೆ ಹಿಡಿಯುತ್ತದೆ. ಟೇಪ್ ಹಚ್ಚಿ ಬರೀ ಮೇಲಿಂದ ಒದ್ದೆ ಮಾಡಿದ್ದು ಎರಡು ಮೂರು ನಿಮಿಷಕ್ಕೇ ಕೈಕೊಡುತ್ತದೆ. ಅದೂ ಸಾಲದ ಮೇ ತಿಂಗಳಲ್ಲಿ, ಕಲಸುವ ನೀರು 100 ಮಿಲಿಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ನಾಲ್ಕೈದು ಹನಿ ಹಾಕಿ. ಹೆಚ್ಚು ಹಾಕಿದರೆ ಬಣ್ಣ ಅಂಟಂಟಾಗಿಯೇ ಉಳಿದು, ಮಳೆಗಾಲದಲ್ಲಿ ಧೂಳು ಹಿಡಿಯುತ್ತದೆ.

ಬಣ್ಣದ ಹದಕ್ಕೆ ಮೂರು ಅಳತೆ ಇಟ್ಟುಕೊಳ್ಳಿ: ಚಹಾ, ಹಾಲು, ಗಟ್ಟಿ ಮೊಸರು. ಮೊದಲ ವಾಶ್ ಚಹಾದ ಹದ. ಕೆಂದ ನಾಯಿಗೆ ಬೆಳಕಿನ ಕಡೆ ಓಕರ್, ನೆರಳಿಗೆ ತಿರುಗುವಲ್ಲಿ ಸಿಯೆನ್ನಾ, ಕುತ್ತಿಗೆಯ ಕೆಳಗೆ ಸಿಯೆನ್ನಾಕ್ಕೆ ಚೂರು ಅಲ್ಟ್ರಾಮರೀನ್. ಒಂದನ್ನೊಂದು ಮುಟ್ಟಿಸಿ ಬಿಟ್ಟುಬಿಡಿ, ಬ್ರಷ್‌ನಿಂದ ಕಲಸಬೇಡಿ, ನೀರೇ ಬೆರೆಸುತ್ತದೆ. ಕಾಗದದ ಮಿರಿಮಿರಿ ಹೊಳಪು ಇಳಿದು ಮಂದ ಹೊಳಪಿಗೆ ಬಂದಾಗ ಹಾಲಿನ ಹದದ ಬಣ್ಣವನ್ನು ಕಿವಿಯೊಳಗೆ, ಕೆನ್ನೆಯ ಕೆಳಗೆ, ಹುಬ್ಬಿನ ಕೆಳಗೆ ಬಿಡಿ. ಈ ಗಳಿಗೆಯಲ್ಲಿ ಪಾಲಿಸಬೇಕಾದ್ದು ಒಂದೇ: ಬ್ರಷ್‌ನಲ್ಲಿರುವ ಬಣ್ಣ ಕಾಗದದ ಮೇಲಿನದಕ್ಕಿಂತ ಗಟ್ಟಿಯಿರಬೇಕು. ತೆಳು ಬಣ್ಣ ತಂದಿಟ್ಟರೆ ಮತ್ತೆ ಹೂಕೋಸು. ಹೊಳಪು ಪೂರಾ ಹೋಗಿದ್ದರೆ ಕೈ ತೆಗೆಯಿರಿ, ಅರೆ ಒಣಗಿದ ಜಾಗವನ್ನು ತಿದ್ದಲು ಹೋದಷ್ಟೂ ಕೆಡುತ್ತದೆ.

ಪೂರಾ ಒಣಗಿದೆಯೇ ಎಂದು ತಿಳಿಯಲು ಬೆರಳ ಹಿಂಭಾಗವನ್ನು ಮೆಲ್ಲಗೆ ಸೋಕಿಸಿ. ತಣ್ಣಗಿದ್ದರೆ ಇನ್ನೂ ತೇವ ಉಂಟು.

ಕಣ್ಣು

ಮೊದಲ ವಾಶ್ ಒಣಗಿದ ಕೂಡಲೇ ಕಣ್ಣಿಗೆ ಬನ್ನಿ. ಕಣ್ಣು ಕೆಟ್ಟರೆ ಒಂದು ವಾಶ್‌ನ ಶ್ರಮವಷ್ಟೇ ಹೋಯಿತು, ಹೊಸ ಕಾಗದ ತೆಗೆದುಕೊಳ್ಳಬಹುದು. ಇಡೀ ಮುಖ ಮುಗಿಸಿ ಕೊನೆಗೆ ಕಣ್ಣು ಕೆಡಿಸಿಕೊಳ್ಳುವುದು ಯಾರಿಗೆ ಬೇಕು?

2ನೇ ನಂಬರಿನ ಬ್ರಷ್, ಓಕರ್ ಮತ್ತು ಸಿಯೆನ್ನಾದ ಹಾಲಿನ ಹದ. ಒಂದು ಮಿಲಿಮೀಟರಿನ ಹೊಳಪಿನ ಚುಕ್ಕಿಯನ್ನು ಬಿಟ್ಟು ಕಣ್ಣಿನ ಬಣ್ಣದ ವೃತ್ತವನ್ನು ತುಂಬಿ. ತೇವವಿರುವಾಗಲೇ ಮೇಲ್ಭಾಗಕ್ಕೆ ಅಂಬರ್ ಮುಟ್ಟಿಸಿ. ಮೇಲಿನ ರೆಪ್ಪೆಯ ನೆರಳು ಅಲ್ಲಿ ಬೀಳುತ್ತದೆ. ಹೊಳಪಿಗೆ ಎದುರಿನ ಕೆಳ ಅಂಚನ್ನು ಸ್ವಲ್ಪ ತಿಳಿಯಾಗಿಯೇ ಬಿಡಿ. ಬೆಳಕು ಕಣ್ಣೊಳಗೆ ಹೊಕ್ಕು ಬೆಳಗುವುದು ಆ ಕಡೆ, ಅದರಿಂದಲೇ ಕಣ್ಣು ಗಾಜಿನ ಗೋಲಿಯಾಗದೆ ಜೀವಂತ ಕಾಣುತ್ತದೆ. ಒಣಗಲಿ. ಆಮೇಲೆ ಅಲ್ಟ್ರಾಮರೀನ್, ಅಂಬರ್ ಸೇರಿಸಿದ ಮೊಸರಿನ ಹದದಿಂದ ಆ ವೃತ್ತದ ನಡುವಿನ ಕಪ್ಪು ಬೊಟ್ಟು, ಮತ್ತು ರೆಪ್ಪೆಯಂಚಿನ ಕರಿ ಗೆರೆ. ಈ ಗೆರೆ ಮೇಲೆ ದಪ್ಪ, ಕೆಳಗೆ ಸಣ್ಣ, ಒಳಮೂಲೆಯಲ್ಲಿ ಚೂಪಾಗಿ ಕೆಳಕ್ಕೆ ಇಳಿಯುತ್ತದೆ. ಸುತ್ತಲೂ ಒಂದೇ ದಪ್ಪಕ್ಕೆ ಎಳೆದರೆ ಕಾಡಿಗೆ ಹಚ್ಚಿದಂತಾಗುತ್ತದೆ. ಹೊರ ಅಂಚನ್ನು ಒದ್ದೆ ಬ್ರಷ್‌ನಿಂದ ಒಮ್ಮೆ ಸವರಿ ಕೂದಲೊಳಗೆ ಕರಗಿಸಿ. ಕೊನೆಗೆ ಹೊಳಪಿನ ಚುಕ್ಕಿಯ ಅರ್ಧಕ್ಕೆ ತೀರಾ ತೆಳು ನೀಲಿ, ಯಾಕೆಂದರೆ ಅಲ್ಲಿ ಕಾಣುವುದು ಆಕಾಶ.

ಮೂಗು, ಕೂದಲು, ಮೀಸೆ

ಮೂಗಿನ ಮೇಲ್ಮೈ ಆಕಾಶದ ಬೆಳಕು ಹಿಡಿಯುವುದರಿಂದ ನೀಲಿ ಬೂದು, ಕೆಳಭಾಗ ಗಾಢ, ಹೊಳ್ಳೆಯೊಳಗೆ ಇಡೀ ಚಿತ್ರದ ಅತಿ ಕಪ್ಪು. ಮೂಗಿನ ಸುತ್ತ ಗೆರೆ ಎಳೆಯಬೇಡಿ. ನಾಲಿಗೆ ಹೊರಗಿದ್ದರೆ ರೋಸ್‌ಗೆ ಚೂರು ಓಕರ್, ನಡುವಿನ ಮಡಿಕೆಗೆ ರೋಸ್ ಜೊತೆ ಅಲ್ಟ್ರಾಮರೀನ್.

ಕೂದಲನ್ನು ಒಂದೊಂದಾಗಿ ಎಣಿಸಿ ಬರೆದ ನಾಯಿ ಪೊರಕೆಯಾಗಿ ಕಾಣುತ್ತದೆ. ಕೂದಲು ಕಾಣಿಸಬೇಕಾದ್ದು ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ, ಹೊರ ಅಂಚಿನಲ್ಲಿ, ಕಿವಿಯ ಬುಡದಲ್ಲಿ ಮಾತ್ರ. ಕೆದರಿದ ಹಳೆಯ ಬ್ರಷ್‌ಗೆ ಹಾಲಿನ ಹದದ ಬಣ್ಣ ತಾಗಿಸಿ, ಅರಿವೆಯ ಮೇಲೆ ಒಮ್ಮೆ ಒತ್ತಿ, ಕೂದಲು ಬೆಳೆಯುವ ದಿಕ್ಕಿಗೇ ಹಾರಿಸಿ ಎಳೆಯಿರಿ: ಮೂಗಿನಿಂದ ಹಣೆಗೆ ಮೇಲಕ್ಕೆ, ಹುಬ್ಬಿನಿಂದ ಹೊರಕ್ಕೆ, ಕೆನ್ನೆಯಿಂದ ಕೆಳಗೆ ಹಿಂದಕ್ಕೆ. ಗಿಡ್ಡ ಕೂದಲಿನ ನಾಯಿಗೆ ಇದೂ ಅಷ್ಟಾಗಿ ಬೇಡ, ದವಡೆಯ ಸ್ನಾಯು, ಹಣೆಯ ಎಲುಬು ಕಂಡರೆ ಸಾಕು.

ಕರಿ ನಾಯಿ ಬರೆಯುವವರು ಹೆದರಿ ಇಡೀ ಮುಖಕ್ಕೆ ಕಪ್ಪು ಬಳಿಯುತ್ತಾರೆ. ಬೆಳಕು ಬಿದ್ದ ಜಾಗಕ್ಕೆ ತೆಳು ಅಲ್ಟ್ರಾಮರೀನ್ ಬೂದನ್ನೇ ಬಿಟ್ಟು, ಗಾಢವನ್ನು ನೆರಳಿಗಷ್ಟೇ ಇಡಿ. ಬಿಳಿ ನಾಯಿಗೆ ಉಲ್ಟಾ ಲೆಕ್ಕ: ನಾಯಿಯನ್ನು ಮುಟ್ಟುವುದಕ್ಕಿಂತ ಬೆಳಕಿನ ಕಡೆಯ ಹಿನ್ನೆಲೆಯನ್ನು ಗಾಢ ಮಾಡಿ ಅದನ್ನು ಮುಂದೆ ತರಬೇಕು. ನೆರಳಿಗೆ ಚಹಾಕ್ಕಿಂತ ತೆಳುವಾದ ನೀಲಿ ಬೂದು. ಕೆಂಪು ಮಣ್ಣಿನ ಅಂಗಳದಲ್ಲಿ ಕೂತಿದ್ದರೆ ಗದ್ದದ ಕೆಳಗೆ ಸಿಯೆನ್ನಾದ ಒಂದು ಛಾಯೆ.

ಮೀಸೆಯನ್ನು ಬಿಳಿ ಗ್ವಾಶ್‌ನಿಂದ, ಬುಡದಿಂದ ತುದಿಗೆ ಒಂದೇ ಬೀಸಿನಲ್ಲಿ ಎಳೆಯಿರಿ. ಪಕ್ಕಕ್ಕೆ ಐದಾರು ಸಾಕು. ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದವನ್ನು ಮುಚ್ಚಿ, ಆಮೇಲೆ ಕೀಳುವ ರಬ್ಬರಿನಂಥ ದ್ರವ) ಹಚ್ಚಿ ಮೀಸೆ ಉಳಿಸುವ ಉಪಾಯ ಇಲ್ಲಿಯ ಸೆಕೆಗೆ ಅಪಾಯದ್ದು. ಎರಡು ದಿನ ಬಿಟ್ಟರೆ ಕಾಗದಕ್ಕೆ ಕಚ್ಚಿಕೊಂಡು, ಕೀಳುವಾಗ ಸಿಪ್ಪೆ ಸಮೇತ ಬರುತ್ತದೆ. ಹಚ್ಚಲೇಬೇಕೆಂದರೆ ಬ್ರಷ್‌ಗೆ ಮೊದಲು ಸೋಪು ತಿಕ್ಕಿ, ಅದೇ ದಿನ ಕಿತ್ತುಬಿಡಿ. ಮಾಸ್ಕಿಂಗ್ ಟೇಪಿನ ಕಥೆಯೂ ಅದೇ.

ಕೆಟ್ಟದ್ದನ್ನು ರಿಪೇರಿ ಮಾಡುವುದು

ಹೂಕೋಸಿನ ಕಲೆ ಬಿದ್ದರೆ ಪೂರ್ತಿ ಒಣಗಲು ಬಿಡಿ. ನಂತರ ಕಲೆಯ ಅಂಚನ್ನು ಒದ್ದೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಟಿಶ್ಯೂನಿಂದ ಒತ್ತಿ ಎತ್ತಿಕೊಳ್ಳಿ. ಕಣ್ಣಿನ ಹೊಳಪು ಮುಚ್ಚಿಹೋದರೆ ಗ್ವಾಶ್‌ನ ಒಂದೇ ಚುಕ್ಕಿ. ಬಣ್ಣ ಕೆಸರಾಗಿದ್ದರೆ ಮೂರಕ್ಕಿಂತ ಹೆಚ್ಚು ಬಣ್ಣ ಬೆರೆತಿದೆ ಅಥವಾ ಒಣಗದ ಪದರದ ಮೇಲೆ ಉಜ್ಜಿದ್ದೀರಿ, ಅದಕ್ಕೆ ಔಷಧವಿಲ್ಲ. ಒದ್ದೆ ವಾಶ್ ಮೇಲೆ ನಾಯಿಗೂದಲು ಬಿದ್ದರೆ ಕೈ ಹಾಕಬೇಡಿ. ಒಣಗಿದ ಮೇಲೆ ತಾನೇ ಉದುರುತ್ತದೆ, ಒದ್ದೆಯಲ್ಲಿ ಎತ್ತಿದರೆ ಗೀರು ಉಳಿಯುತ್ತದೆ. ಕೆಲಸಕ್ಕೆ ಮುಂಚೆ ನಾಯಿಯನ್ನು ಅಂಗಳಕ್ಕೆ ಕರೆದೊಯ್ದು ಬಾಚಿದರೆ ಕೂದಲೂ ಕಡಿಮೆ ಉದುರುತ್ತದೆ, ಕಿವಿಯ ಮಡಿಕೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಕಚ್ಚಿಕೊಂಡಿದ್ದರೆ ಕಣ್ಣಿಗೂ ಬೀಳುತ್ತದೆ.

ಬ್ರಷ್ ತೊಳೆದ ನೀರನ್ನು ನಾಯಿ ನೆಕ್ಕದಂತೆ ಮುಚ್ಚಿಡಿ. ಮೇಲೆ ಹೇಳಿದ ಐದು ಬಣ್ಣದಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇಲ್ಲ, ಅದಕ್ಕೇ ಅವನ್ನು ಆರಿಸಿದ್ದು. ಹಾಗಂತ ಕುಡಿಯಲು ಬಿಡುವಂಥದ್ದೂ ಅಲ್ಲ.

ಚಿತ್ರ ಒಣಗಿದ ಮೇಲೆ ಹಿಂಭಾಗಕ್ಕೆ ತುಸು ನೀರು ಸವರಿ, ಎರಡು ಬಿಳಿ ಹಾಳೆಯ ನಡುವೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಚಪ್ಪಟೆಯಾಗುತ್ತದೆ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ಅಂಟಿ ಕೂರದಂತೆ ಮೌಂಟ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು) ಹಾಕಲು ಹೇಳಿ, ಹಿಂಬದಿಯ ಸಂದಿಗೆಲ್ಲ ಟೇಪ್ ಹೊಡೆಸಿ. ಇಲ್ಲದಿದ್ದರೆ ಸಂದಿಯಿಂದ ಧೂಳು ಒಳಗಿಳಿಯುತ್ತದೆ. ಪಡುವಣ ಬಿಸಿಲು ಬಡಿಯುವ ಗೋಡೆಗೆ ನೇತುಹಾಕಬೇಡಿ. ಪರ್ಮನೆಂಟ್ ರೋಸ್ ಬದಲು ಹಳೆಯ ಅಲಿಝರಿನ್ ಕ್ರಿಮ್ಸನ್ ಎಂಬ ಕೆಂಪು ಬಳಸಿದ್ದರಂತೂ ನಾಲಿಗೆಯ ಕೆಂಪು ಮೊದಲು ಮಾಸುವುದು ಅಲ್ಲೇ.